ಪುಟ್ಟ ಪೀಪಾಯಿಯ ಒಗರು, ಗಂಧಕದ ವಾಸನೆ ಮತ್ತು ಕೊನೆಗೂ ಸಿಕ್ಕ ದಾರಿ

ಐದು ಲೀಟರಿನ ಓಕ್ ಪೀಪಾಯಿಯಲ್ಲಿ ಮಾಗಿಸಿದ ಮಾಲ್ಟ್ ಸ್ಪಿರಿಟ್ (ಮೊಳಕೆ ಬರಿಸಿದ ಬಾರ್ಲಿಯಿಂದ ಇಳಿಸಿದ, ಮಾಗಿ ವಿಸ್ಕಿಯಾಗುವ ಮದ್ಯ) ನಾಲಗೆಗೆ ಒಗರಾಗದೆ, ಮೂಗಿಗೆ ಗಂಧಕದ ಘಾಟು ಬಡಿಯದೆ ಹೊರಬರುವ ದಾರಿ ಈ ಸಲ ಸಿಕ್ಕಿದೆ. ಸಣ್ಣ ಪೀಪಾಯಿ ಹಿಡಿದು ಕುಳಿತವರೆಲ್ಲ ಒಂದಲ್ಲ ಒಂದು ದಿನ ಇದೇ ತೊಡಕಿಗೆ ಸಿಕ್ಕಿಕೊಳ್ಳುವುದರಿಂದ ಈ ವರದಿಯನ್ನು ಬಹುಮಟ್ಟಿಗೆ ಅದಕ್ಕೇ ಮೀಸಲಿಡುತ್ತೇನೆ. ಹಲಗೆಗಳು ಉಬ್ಬಿ ಸಂದು ಮುಚ್ಚುವವರೆಗೆ ನೀರು ತುಂಬಿಡುವುದು, ಬಿರಡೆಯನ್ನು ಹದವಾಗಿ ಕೂರಿಸುವುದು, ಆಲ್ಕೋಹಾಲ್ ಪ್ರಮಾಣ ತೋರಿಸುವ ಹೈಡ್ರೋಮೀಟರಿನ ಅಳತೆಯನ್ನು ಉಷ್ಣಾಂಶಕ್ಕೆ ತಕ್ಕಂತೆ ತಿದ್ದಿಕೊಳ್ಳುವುದು ಮುಂತಾದವು ನಿಮಗೆ ಗೊತ್ತೇ ಇರುವುದರಿಂದ ಅವನ್ನು ಬಿಟ್ಟಿದ್ದೇನೆ.

ಯೋಜನೆಯ ಮೂಲ ಉದ್ದೇಶವನ್ನು ಒಮ್ಮೆ ನೆನಪಿಸುತ್ತೇನೆ. ಪರವಾನಗಿ ಇರುವ ಡಿಸ್ಟಿಲರಿಯೊಂದರಿಂದ ಕೊಂಡ ಒಂದೇ ನ್ಯೂ ಮೇಕನ್ನು, ಅಂದರೆ ಬಟ್ಟಿ ಇಳಿಸಿ ಇನ್ನೂ ಮಾಗಿಸದ ಹೊಸ ಸ್ಪಿರಿಟನ್ನು, ನಾಲ್ಕು ಪೀಪಾಯಿಗಳಿಗೆ ಹಂಚಿ, ಕೆಂಟಕಿ, ಸ್ಕಾಟ್‌ಲೆಂಡ್, ಜಪಾನ್ ಮತ್ತು ತೈವಾನಿನ ಮಾಗಿಸುವ ಕ್ರಮಗಳು ಒಂದೇ ಸ್ಪಿರಿಟನ್ನು ಹೇಗೆ ನಾಲ್ಕು ದಾರಿಗೆ ಒಯ್ಯುತ್ತವೆ ಎಂದು ನೋಡುವುದು. ಮನೆಯಲ್ಲಿ ಬಟ್ಟಿ ಇಳಿಸುವುದು ಬಹುತೇಕ ದೇಶಗಳಲ್ಲಿ ಕಾನೂನಿಗೆ ವಿರುದ್ಧವಾಗಿರುವುದರಿಂದ ನನ್ನ ಆಸಕ್ತಿಯೆಲ್ಲ ಮರದ ಕಡೆಗೇ ಇದೆ. ಕೆಂಟಕಿಯ ಪಾಲಿಗೆ ಒಳಮೈಯನ್ನು ಸುಟ್ಟು ಕರಿಗಟ್ಟಿಸಿದ ಹೊಸ ಅಮೆರಿಕನ್ ಬಿಳಿ ಓಕ್, ಸ್ಕಾಟ್‌ಲೆಂಡಿನ ಪಾಲಿಗೆ ಮೊದಲೇ ಬಳಸಿ ಸಾರ ತೆಗೆದ ಪೀಪಾಯಿ, ಜಪಾನಿನ ಪಾಲಿಗೆ ಮಿಜುನಾರಾ ಎಂಬ ಅಲ್ಲಿನ ಓಕ್, ತೈವಾನಿನ ಪಾಲಿಗೆ ವೈನ್ ಪೀಪಾಯಿಯ ಒಳಮೈಯನ್ನು ಕೆತ್ತಿ, ಕಾಸಿ, ಮತ್ತೆ ಸುಡುವ ಎಸ್‌ಟಿಆರ್ ಕ್ರಮ. ಈ ಕೊನೆಯದು ವಿಸ್ಕಿ ತಜ್ಞ ಡಾಕ್ಟರ್ ಜಿಮ್ ಸ್ವಾನ್ ಅವರಿಂದ ಪ್ರಸಿದ್ಧವಾಯಿತು. ಅಂಥ ಪೀಪಾಯಿಯಲ್ಲಿ ಮಾಗಿದ, ತೈವಾನಿನ ಕವಲಾನ್ ಡಿಸ್ಟಿಲರಿಯ ವಿನ್ಯೋ ಬ್ಯಾರಿಕ್ 2015ರ ವರ್ಲ್ಡ್ ವಿಸ್ಕೀಸ್ ಅವಾರ್ಡ್ಸ್‌ನಲ್ಲಿ ಜಗತ್ತಿನ ಅತ್ಯುತ್ತಮ ಸಿಂಗಲ್ ಮಾಲ್ಟ್ ಎನಿಸಿಕೊಂಡಿತು. ತೈವಾನಿನ ಪೀಪಾಯಿ ನನ್ನಲ್ಲೂ ಸೊಗಸಾಗಿ ನಡೆಯುತ್ತಿದೆ, ಅದರ ವಿಷಯದಲ್ಲಿ ಸದ್ಯಕ್ಕೆ ಹೇಳುವಂಥದ್ದೇನೂ ಇಲ್ಲ. ಪಟ್ಟು ಬಿಡದೆ ಕಾಡಿದ್ದು ಕೆಂಟಕಿ ಮತ್ತು ಸ್ಕಾಟ್‌ಲೆಂಡಿನ ಪೀಪಾಯಿಗಳು.

ಮೊದಲು ಲೆಕ್ಕವನ್ನು ನೋಡೋಣ. ಆಕಾರ ಒಂದೇ ಆಗಿದ್ದರೆ, ಪ್ರತಿ ಲೀಟರಿಗೆ ತಾಗುವ ಮರದ ಮೈ ಗಾತ್ರದ ಘನಮೂಲಕ್ಕೆ ವಿಲೋಮವಾಗಿ ಏರುತ್ತದೆ. ಅಮೆರಿಕದ ವಿಸ್ಕಿಯಾದ ಬರ್ಬನ್ನಿನ 200 ಲೀಟರಿನ ಬ್ಯಾರೆಲ್‌ಗೂ ಐದು ಲೀಟರಿನ ಪೀಪಾಯಿಗೂ ಗಾತ್ರದಲ್ಲಿ 40 ಪಟ್ಟು ವ್ಯತ್ಯಾಸವಿದ್ದರೆ, ಮರದ ಸಂಪರ್ಕದಲ್ಲಿ ಸುಮಾರು 3.4 ಪಟ್ಟು ವ್ಯತ್ಯಾಸವಾಗುತ್ತದೆ. ಈ ಅಂಕಿಯನ್ನು ಕಂಡವರು ಮೂರು ವರ್ಷದ ಕೆಲಸ ಒಂದು ವರ್ಷದೊಳಗೆ ಮುಗಿಯಿತೆಂದು ಭಾವಿಸುವುದು ಸಹಜ, ಆದರೆ ಬೇಗ ಮುಗಿಯುವುದು ಕೆಲಸದ ಒಂದು ಭಾಗ ಮಾತ್ರ. ಮರದಿಂದ ಸ್ಪಿರಿಟಿಗೆ ಇಳಿಯುವ ವೆನಿಲಾ ಪರಿಮಳದ ವೆನಿಲಿನ್, ತೆಂಗಿನ ಪರಿಮಳದ ಓಕ್ ಲ್ಯಾಕ್ಟೋನ್, ಒಗರು ತರುವ ಟ್ಯಾನಿನ್ ಮತ್ತು ಬಣ್ಣ ಸಂಪರ್ಕದ ಲೆಕ್ಕಕ್ಕೆ ಬಗ್ಗುತ್ತವೆ. ಸ್ಪಿರಿಟಿನೊಳಗೇ ಆಮ್ಲಜನಕದ ಜೊತೆ ನಿಧಾನವಾಗಿ ನಡೆಯುವ ಬದಲಾವಣೆಗಳು, ಆಮ್ಲ ಮತ್ತು ಆಲ್ಕೋಹಾಲ್ ಕೂಡಿ ಹಣ್ಣಿನ ಪರಿಮಳದ ಎಸ್ಟರುಗಳಾಗುವ ಕ್ರಿಯೆ ಆ ಲೆಕ್ಕಕ್ಕೆ ಜಗ್ಗುವುದಿಲ್ಲ. ಚಹಾ ಸೊಪ್ಪನ್ನು ಎರಡರಷ್ಟು ಹಾಕಿ ಅರ್ಧ ಹೊತ್ತು ಕುದಿಸಿದರೆ ಬಣ್ಣ ಬರುತ್ತದೆ, ಹದ ಬರುವುದಿಲ್ಲ. ಕೆಂಟಕಿಯ ಬಫಲೋ ಟ್ರೇಸ್ ಡಿಸ್ಟಿಲರಿಯವರು 5, 10 ಮತ್ತು 15 ಗ್ಯಾಲನ್ ಬ್ಯಾರೆಲ್‌ಗಳಲ್ಲಿ ವರ್ಷಗಟ್ಟಲೆ ಬರ್ಬನ್ ಇಟ್ಟು ನೋಡಿ, ಬಣ್ಣವೂ ಹೊಗೆಯ ಗುಣವೂ ಬೇಗ ಬಂದರೂ ರುಚಿಗೆ ಆಳ ಬರಲಿಲ್ಲವೆಂದು 2012ರಲ್ಲಿ ತಾವೇ ಬಹಿರಂಗವಾಗಿ ಹೇಳಿದರು. ಒಂದು ಡಿಸ್ಟಿಲರಿ ತನ್ನ ವಿಫಲ ಪ್ರಯೋಗವನ್ನು ಹೀಗೆ ತೆರೆದಿಟ್ಟದ್ದನ್ನು ನಾನು ಇಂದಿಗೂ ಗೌರವದಿಂದ ನೆನೆಯುತ್ತೇನೆ.

ಈಗ ನನ್ನ ಎರಡು ಪೀಪಾಯಿಗಳ ಸ್ಥಿತಿಗೆ ಬರುತ್ತೇನೆ. ಕೆಂಟಕಿಯದರಲ್ಲಿ ಕೆಲವೇ ವಾರಗಳಲ್ಲಿ ಗಾಢವಾದ ಬಣ್ಣವೂ ವೆನಿಲಾ ಪರಿಮಳವೂ ಬಂದವು, ಜೊತೆಗೆ ದವಡೆಯ ಒಳಮೈಯನ್ನು ಹಿಡಿದೆಳೆಯುವ ಒಗರೂ ಬಂತು. ಸ್ಕಾಟ್‌ಲೆಂಡಿನದರಲ್ಲಿ ಒಗರು ಇರಲೇ ಇಲ್ಲ. ಬಿಸಿನೀರನ್ನು ಬದಲಿಸಿ ಬದಲಿಸಿ, ಆಮೇಲೆ ಶೆರ್ರಿ ಬಗೆಯ ವೈನ್ ತುಂಬಿಟ್ಟು, ಆ ಪೀಪಾಯಿಯ ಟ್ಯಾನಿನನ್ನು ಮೊದಲೇ ತೆಗೆದಿದ್ದೆ. ಆದರೆ ಅದರಿಂದ ಬಂದ ಸ್ಪಿರಿಟಿನಲ್ಲಿ ಬೇಯಿಸಿದ ಎಲೆಕೋಸಿನ ಮತ್ತು ಸುಟ್ಟ ರಬ್ಬರಿನ ವಾಸನೆ ತಿಂಗಳುಗಳು ಕಳೆದರೂ ಅಲ್ಲೇ ಕೂತಿತ್ತು.

ಆ ವಾಸನೆಯ ಮೂಲ ನ್ಯೂ ಮೇಕಿನಲ್ಲೇ ಇದೆ. ನಾನು ಕೊಂಡದ್ದು ಭಾರವಾದ ಬಗೆಯದು, ತಾಮ್ರದ ಸಂಪರ್ಕ ಕಡಿಮೆ ಇರುವಂತೆ ಇಳಿಸಿದ್ದು. ಡೈಮೀಥೈಲ್ ಟ್ರೈಸಲ್ಫೈಡಿನಂಥ ಗಂಧಕದ ಸಂಯುಕ್ತಗಳನ್ನು ತಾಮ್ರ ಹಿಡಿದುಕೊಳ್ಳುತ್ತದೆ. ಆವಿಯನ್ನು ತಂಪಾಗಿಸುವ ಸಾಧನದಲ್ಲಿ ತಾಮ್ರದ ಮೈ ಕಡಿಮೆಯಾದಷ್ಟೂ ಅವು ಸ್ಪಿರಿಟಿನಲ್ಲಿ ಹೆಚ್ಚು ಉಳಿಯುತ್ತವೆ. ಸ್ಕಾಟ್‌ಲೆಂಡಿನ ಡಾಲ್‌ವಿನಿ ಡಿಸ್ಟಿಲರಿ ಇದಕ್ಕೆ ಒಳ್ಳೆಯ ನಿದರ್ಶನ. ನೀರಿನ ತೊಟ್ಟಿಯಲ್ಲಿ ಸುರುಳಿ ಸುತ್ತಿಕೊಂಡು ಮುಳುಗಿರುವ ವರ್ಮ್ ಟಬ್ ಕೊಳವೆಗಳನ್ನು ಅಲ್ಲಿ 1986ರಲ್ಲಿ ತೆಗೆದು ತಾಮ್ರದ ಸಂಪರ್ಕ ಹೆಚ್ಚಿರುವ ಆಧುನಿಕ ಕಂಡೆನ್ಸರುಗಳನ್ನು ಕೂರಿಸಿದಾಗ ಸ್ಪಿರಿಟಿನ ಗುಣವೇ ಬದಲಾಗಿಹೋಯಿತು, 1995ರಲ್ಲಿ ಹಳೆಯ ಏರ್ಪಾಡನ್ನೇ ಮರಳಿ ತರಬೇಕಾಯಿತು. ಹೊಸದರಲ್ಲಿ ಗಂಧಕದ ವಾಸನೆಯಿರುವ ಆ ಸ್ಪಿರಿಟ್ ಚೆನ್ನಾಗಿ ಮಾಗಿದ ಮೇಲೆ ಜೇನಿನಂತೆ ಮೃದುವಾಗುತ್ತದೆ. ಹಾಗಾಗಿ ಭಾರವಾದ ನ್ಯೂ ಮೇಕನ್ನು ಆರಿಸಿಕೊಂಡದ್ದರಲ್ಲಿ ನನಗೆ ಪೂರ್ಣ ನಂಬಿಕೆಯಿತ್ತು, ಈಗಲೂ ಇದೆ. ಗಂಧಕದ ಪರದೆ ಸರಿದಾಗ ಅದರ ಹಿಂದೆ ಕಾಣುವ ಮೈಕಟ್ಟು ಹಗುರವಾದ ಸ್ಪಿರಿಟಿನಲ್ಲಿ ಸಿಗುವುದಿಲ್ಲ.

ಸುಳಿವು ಸಿಕ್ಕಿದ್ದು ಖಾಲಿ ಗ್ಲಾಸುಗಳಿಂದ. ಸ್ಕಾಟ್‌ಲೆಂಡಿನಲ್ಲಿ ವಿಸ್ಕಿಗಳನ್ನು ಹದವಾಗಿ ಬೆರೆಸುವ ಬ್ಲೆಂಡರುಗಳು ಮಾಡುವಂತೆ ನಾನೂ ಮಾದರಿಗಳ ಆಲ್ಕೋಹಾಲನ್ನು ನೀರು ಬೆರೆಸಿ ಶೇಕಡಾ 20ಕ್ಕೆ ಇಳಿಸಿ ಮೂಸುತ್ತೇನೆ. ಆ ಪ್ರಮಾಣದಲ್ಲಿ ಆಲ್ಕೋಹಾಲಿನ ಉರಿ ಅಡಗಿ ದೋಷಗಳು ಎದ್ದು ಕಾಣುತ್ತವೆ. ಮೂಸಿದ ಮೇಲೆ ಗ್ಲೆನ್‌ಕೇರ್ನ್ ಎಂಬ, ಬಾಯಿ ಕಿರಿದಾದ ವಿಸ್ಕಿ ಗ್ಲಾಸುಗಳನ್ನು ತೊಳೆಯದೆ ರಾತ್ರಿಯಿಡೀ ಹಾಗೇ ಬಿಟ್ಟು, ಒಣಗಿದ ಗ್ಲಾಸನ್ನು ಬೆಳಿಗ್ಗೆ ಮತ್ತೊಮ್ಮೆ ಮೂಸುವುದು ನನ್ನ ರೂಢಿ. ಕೆಂಟಕಿಯ ಗ್ಲಾಸಿನ ತಳದಲ್ಲಿ ವೆನಿಲಾ, ಸುಟ್ಟ ಸಕ್ಕರೆ, ಒಂದಿಷ್ಟು ತೆಂಗಿನ ಪರಿಮಳವಿದ್ದು ಗಂಧಕದ ಸುಳಿವೇ ಇರಲಿಲ್ಲ. ಸ್ಕಾಟ್‌ಲೆಂಡಿನ ಗ್ಲಾಸಿನಲ್ಲಿ ಒಣಗಿದ ಮೇಲೂ ಎಲೆಕೋಸಿನ ನೀರಿನ ಜಾಡು ಉಳಿದಿತ್ತು. ಎರಡಕ್ಕೂ ಹಾಕಿದ್ದು ಒಂದೇ ಕ್ಯಾನಿನ ಸ್ಪಿರಿಟಾದ್ದರಿಂದ ವ್ಯತ್ಯಾಸ ಮರದ ಒಳಮೈಯಲ್ಲೇ ಇರಬೇಕೆಂದು ಸ್ಪಷ್ಟವಾಯಿತು. ಸ್ಕಾಟ್‌ಲೆಂಡಿನ ಪೀಪಾಯಿಯನ್ನು ಖಾಲಿ ಮಾಡಿ ಬಿರಡೆಯ ಕಿಂಡಿಯಿಂದ ಸಣ್ಣ ದೀಪವನ್ನು ಇಳಿಬಿಟ್ಟು ನೋಡಿದರೆ ಒಳಗೆ ಕರಿಯ ಚಿಪ್ಪಿನಂಥ ಪದರವೇ ಇಲ್ಲ. ಅಲ್ಲಲ್ಲಿ ಕಂದು, ಮುಚ್ಚಳದ ಹಲಗೆಯ ಹತ್ತಿರ ಹಸಿ ಮರದ ಬಣ್ಣ.

ಇಲ್ಲಿ ಪೂರೈಕೆದಾರರ ವಿಷಯವನ್ನು ಹೇಳಲೇಬೇಕು. ಮೂರನೆಯ ಹಂತದ ಚಾರ್ (ಒಳಮೈಯನ್ನು ಸುಟ್ಟು ಕರಿಗಟ್ಟಿಸುವುದು) ಎಂದು ಚೀಟಿ ಅಂಟಿಸಿ ಮಾರಿದ ಪೀಪಾಯಿಯದು ಈ ಅವಸ್ಥೆ. ಹಲಗೆಯನ್ನು ಬಯಲಿನ ಗಾಳಿ ಮಳೆಗೆ ಒಡ್ಡಿ ಒಣಗಿಸಿದ್ದೋ ಗೂಡಿನಲ್ಲಿ ಬಿಸಿಗಾಳಿ ಹಾಯಿಸಿ ಅವಸರದಲ್ಲಿ ಒಣಗಿಸಿದ್ದೋ ಎಂದು ಕೇಳಿ ಬರೆದ ಪತ್ರಕ್ಕೆ ಉತ್ತರವೇ ಇಲ್ಲ. ಬಯಲಿನಲ್ಲಿ ಎರಡು ಮೂರು ವರ್ಷ ಇಟ್ಟ ಓಕ್ ತನ್ನ ಕಹಿ ಟ್ಯಾನಿನನ್ನು ಬಹಳಷ್ಟು ಕಳೆದುಕೊಳ್ಳುತ್ತದೆ, ಗೂಡಿನ ಮರಕ್ಕೆ ಆ ಅವಕಾಶ ಸಿಗುವುದಿಲ್ಲ. ದೊಡ್ಡ ಬ್ಯಾರೆಲ್ ಕೊಳ್ಳುವ ಡಿಸ್ಟಿಲರಿಗಳಿಗೆ ಈ ವಿವರವನ್ನೆಲ್ಲ ಪೀಪಾಯಿ ಕಟ್ಟುವ ಕೂಪರುಗಳು ಬರೆದುಕೊಡುತ್ತಾರೆ. ಐದು ಲೀಟರಿನದನ್ನು ಕೊಳ್ಳುವವರು ಶೋಕೇಸಿನಲ್ಲಿ ಇಡಲು ಕೊಳ್ಳುತ್ತಾರೆಂದು ಮಾರುವವರು ತೀರ್ಮಾನಿಸಿಬಿಟ್ಟಿದ್ದಾರೆ. ನಾನು ಬೇರೆಡೆ ನೋಡಿದ ಕೆಲವು ಪೀಪಾಯಿಗಳ ಹೊರಮೈಗೆ ವಾರ್ನಿಷ್ ಕೂಡ ಬಳಿದಿದ್ದರು. ಮರ ಉಸಿರಾಡಬಾರದೆಂದಿದ್ದರೆ ಗಾಜಿನ ಜಾಡಿಯನ್ನೇ ಮಾರಬಹುದಲ್ಲವೇ?

ಚಾರ್ ಇಲ್ಲದಿದ್ದರೆ ಗಂಧಕ ಏಕೆ ಉಳಿಯುತ್ತದೆ ಎಂಬುದು ಈಗ ತಾಳೆಯಾಗುತ್ತದೆ. ಸುಟ್ಟ ಓಕಿನ ಇದ್ದಿಲಿನ ಪದರ ಗಂಧಕದ ಸಂಯುಕ್ತಗಳನ್ನು ಹೀರಿಕೊಳ್ಳುತ್ತದೆ, ಮತ್ತು ಈ ಕೆಲಸ ಬೇಗ ನಡೆಯುತ್ತದೆ. ಟ್ಯಾನಿನ್ ನಾಲಗೆಗೆ ಭಾರವಾಗುವ ಮಟ್ಟಕ್ಕೆ ಬರಲು ಅದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ಬೇಕು. ಈ ಎರಡರ ನಡುವೆ ಇರುವ ಕಿರಿದಾದ ಸಮಯವೇ ನಾನು ಹುಡುಕುತ್ತಿದ್ದ ಕಿಂಡಿ. ಹೊಸ ನ್ಯೂ ಮೇಕನ್ನು ಮೊದಲು ಚೆನ್ನಾಗಿ ಚಾರ್ ಆಗಿರುವ ಹೊಸ ಪೀಪಾಯಿಗೆ ಹಾಕಿ, ದಿನ ಬಿಟ್ಟು ದಿನ ಮೂಸಿ, ಗಂಧಕ ಹೋದದ್ದೇ ತಡ ಅಲ್ಲಿಂದ ತೆಗೆದು, ಸಾರ ತೆಗೆದ ಪೀಪಾಯಿಗೆ ವರ್ಗಾಯಿಸಿದೆ. ಮೊದಲ ಹಂತದಲ್ಲಿ ಆಲ್ಕೋಹಾಲಿನ ಪ್ರಮಾಣವನ್ನು ಶೇಕಡಾ 62.5ರಲ್ಲಿಟ್ಟೆ. ಅಮೆರಿಕದ ಕಾನೂನಿನಂತೆ ಬರ್ಬನ್ ಬ್ಯಾರೆಲಿಗೆ ಇಳಿಯಬಹುದಾದ ಗರಿಷ್ಠ ಪ್ರಮಾಣ ಅದು. ನೀರಿನ ಪಾಲು ಕಡಿಮೆಯಿದ್ದಷ್ಟೂ ನೀರಿನಲ್ಲಿ ಕರಗುವ ಟ್ಯಾನಿನ್ ಕಡಿಮೆ ಇಳಿಯುತ್ತದೆಂಬುದೇ ಕಾರಣ. ಎರಡನೆಯ ಹಂತಕ್ಕೆ ಬಂದಾಗ ನೀರು ಬೆರೆಸಿ ಶೇಕಡಾ 55ಕ್ಕೆ ತಂದೆ. ಕೆಂಟಕಿಯ ಬರ್ಬನ್ ತಯಾರಕರಾದ ಮೇಕರ್ಸ್ ಮಾರ್ಕ್‌ನವರು ಬ್ಯಾರೆಲ್ ತುಂಬುವುದೂ ಈ ಪ್ರಮಾಣದಲ್ಲೇ. ಸಾರ ಹೋದ ಮರದಿಂದ ಸಿಹಿ ಅಂಶ ಅಷ್ಟಿಷ್ಟು ಬರುವುದಿದ್ದರೆ ಕೆಳಗಿನ ಪ್ರಮಾಣದಲ್ಲಿ ಬರುತ್ತದೆ.

ಹೀಗೆ ನಡೆಸಿದ ಮೊದಲ ಸ್ಪಿರಿಟಿನ ಒಣ ಗ್ಲಾಸಿನಲ್ಲಿ ಎಲೆಕೋಸು ಇಲ್ಲ. ಬಾರ್ಲಿಯ ಹಿಟ್ಟು, ಒಣಹುಲ್ಲು, ಮಾಗಿದ ಪೇರಳೆ ಹಣ್ಣು, ತೀರಾ ತಳದಲ್ಲಿ ವೆನಿಲಾ. ಒಗರಿನ ಪರೀಕ್ಷೆಗೆ ಜಪಾನಿನವರ ಮಿಜುವಾರಿಯನ್ನು ನೆಚ್ಚಿಕೊಂಡಿದ್ದೇನೆ. ಮಂಜುಗಡ್ಡೆ ತುಂಬಿದ ಉದ್ದನೆಯ ಗ್ಲಾಸಿಗೆ ವಿಸ್ಕಿಯನ್ನೂ ಅದರ ಎರಡರಷ್ಟೋ ಇನ್ನೂ ಹೆಚ್ಚೋ ತಣ್ಣೀರನ್ನೂ ಹಾಕಿ ನಿಧಾನವಾಗಿ ಕದಡುವ ಈ ಕ್ರಮದಲ್ಲಿ ಪರಿಮಳ ತಗ್ಗಿ ಕಹಿ ಮತ್ತು ಒಗರು ಮುಂದೆ ಬರುತ್ತವೆ. ಕೊಠಡಿಯ ಉಷ್ಣಾಂಶದಲ್ಲಿ ತಪ್ಪಿಸಿಕೊಂಡ ಟ್ಯಾನಿನ್ ಇಲ್ಲಿ ಸಿಕ್ಕಿಬೀಳುತ್ತದೆ. ಅದರಲ್ಲಿ ಗೆದ್ದ ಸ್ಪಿರಿಟ್ ಇದು. ಮೊದಲ ಗುಟುಕಿನಲ್ಲೇ ನನಗಾದ ಸಂತೋಷವನ್ನು ಇಷ್ಟು ದಿನ ಈ ಒಗರಿನೊಂದಿಗೆ ಗುದ್ದಾಡಿದವರು ಬಲ್ಲರು.

ವಾಸ್ತವವಾಗಿ ದೊಡ್ಡ ಉದ್ಯಮದಲ್ಲಿ ಮರವೂ ಇದೇ ಕ್ರಮದಲ್ಲಿ ಕೆಂಟಕಿಯಿಂದ ಸ್ಕಾಟ್‌ಲೆಂಡಿಗೆ ಸಾಗುತ್ತದೆ. ಬರ್ಬನ್ನಿಗೆ ಹೊಸ ಚಾರ್ ಓಕ್ ಕಡ್ಡಾಯವಾದ್ದರಿಂದ ಒಮ್ಮೆ ಬಳಸಿದ ಬ್ಯಾರೆಲುಗಳು ಸ್ಕಾಟ್‌ಲೆಂಡ್, ಐರ್‌ಲೆಂಡ್, ಜಪಾನುಗಳಿಗೆ ಹೋಗುತ್ತವೆ, ಅಲ್ಲಿಗೆ ತಲುಪುವಷ್ಟರಲ್ಲಿ ಅವುಗಳ ಒಗರು ಇಳಿದಿರುತ್ತದೆ, ಚಾರ್ ಪದರ ಉಳಿದಿರುತ್ತದೆ. ಅಲ್ಲಿ ಪೀಪಾಯಿ ಪ್ರಯಾಣ ಮಾಡುತ್ತದೆ, ನನ್ನಲ್ಲಿ ಸ್ಪಿರಿಟ್ ಪ್ರಯಾಣ ಮಾಡಬೇಕಾಯಿತು, ಏಕೆಂದರೆ ಐದು ಲೀಟರಿನ ಹಳೆಯ ಬರ್ಬನ್ ಪೀಪಾಯಿ ಎಲ್ಲೂ ಸಿಗುವುದಿಲ್ಲ. ಈಗ ಕೆಂಟಕಿಯ ಪೀಪಾಯಿಯಲ್ಲಿ ಎರಡು ತುಂಬುವಿಕೆ ಮುಗಿದಿರುವುದರಿಂದ ಮೂರನೆಯದನ್ನು ಅದರಲ್ಲೇ ಕೊನೆಯವರೆಗೆ ಬಿಡಬಹುದೆಂಬ ಅಂದಾಜಿದೆ.

ಆವಿಯಾಗುವ ನಷ್ಟದ ವಿಷಯದಲ್ಲೂ ಒಂದು ಮಾತು. ಸ್ಕಾಟ್‌ಲೆಂಡಿನ ಗೋದಾಮುಗಳಲ್ಲಿ ವರ್ಷಕ್ಕೆ ಸುಮಾರು ಶೇಕಡಾ 2ರಷ್ಟು ಹೋದರೆ, ಬೆಂಗಳೂರಿನ ಅಮೃತ್ ಡಿಸ್ಟಿಲರಿಯಲ್ಲಿ ಶೇಕಡಾ 10ನ್ನು ದಾಟುತ್ತದೆ, ಅವರು ತಮ್ಮ ಹೆಚ್ಚು ವಯಸ್ಸಿನ ವಿಸ್ಕಿಗೆ ಗ್ರೀಡಿ ಏಂಜಲ್ಸ್ ಎಂದು ಹೆಸರಿಟ್ಟದ್ದೂ ಅದಕ್ಕೇ. ತೇವವಿದ್ದಲ್ಲಿ ಆಲ್ಕೋಹಾಲ್ ಹೆಚ್ಚು ಹೋಗಿ ಪ್ರಮಾಣ ಇಳಿಯುತ್ತದೆ. ಕೆಂಟಕಿಯ ಗೋದಾಮಿನ ಮೇಲಂತಸ್ತಿನ ಒಣ ಬಿಸಿಯಲ್ಲಿ ನೀರೇ ಹೆಚ್ಚು ಹೋಗಿ ಪ್ರಮಾಣ ಏರುತ್ತದೆ. ಸಣ್ಣ ಪೀಪಾಯಿಯ ತೆಳು ಹಲಗೆಯಲ್ಲಿ ಎರಡೂ ಅತಿಯಾಗುವುದರಿಂದ ಪೀಪಾಯಿಗಳನ್ನು ಮುಚ್ಚಿದ ಪೆಟ್ಟಿಗೆಯಲ್ಲಿ ನೀರಿನ ಬಟ್ಟಲಿನೊಂದಿಗೆ ಇಟ್ಟಿದ್ದೇನೆ. ನಷ್ಟ ಕಣ್ಣಿಗೆ ಕಾಣುವಷ್ಟು ತಗ್ಗಿದೆ.

ಮಿಜುನಾರಾ ಜಿನುಗುತ್ತಲೇ ಇದೆ. ಆ ಮರದ ರಂಧ್ರಗಳನ್ನು ಮುಚ್ಚುವ ಟೈಲೋಸ್ ಕಡಿಮೆಯಿರುವುದರಿಂದ ಜಪಾನಿನ ಕೂಪರುಗಳೂ ಅದರೊಡನೆ ಹೆಣಗುತ್ತಾರೆ, ಎರಡನೆಯ ಮಹಾಯುದ್ಧದ ಕಾಲದಲ್ಲಿ ಹೊರಗಿನ ಓಕ್ ಬರುವುದು ನಿಂತಾಗ ಅವರು ಅದನ್ನು ಹಿಡಿದದ್ದು. ಅದರ ಹೆಸರುವಾಸಿಯಾದ ಧೂಪದ ಪರಿಮಳ ಹಲವು ವರ್ಷಗಳ ಮೇಲೆ ಬರುವಂಥದ್ದು, ಆದ್ದರಿಂದ ಅದರ ತಂಟೆಗೆ ಹೋಗದೆ ಸಂದಿಗೆ ಜೇನುಮೇಣ ತುಂಬಿ ಬಿಟ್ಟಿದ್ದೇನೆ.

ಮುಂದಿನ ಯೋಜನೆ ಚೆಸ್ಟ್‌ನಟ್ ಮರದ್ದು. ಸ್ಕಾಚ್ ವಿಸ್ಕಿಯ 2009ರ ನಿಯಮಾವಳಿ 700 ಲೀಟರಿಗೆ ಮೀರದ ಓಕ್ ಪೀಪಾಯಿಯನ್ನಷ್ಟೇ ಒಪ್ಪುತ್ತದೆ, ಐರಿಷ್ ನಿಯಮ ಮರದ ಪೀಪಾಯಿ ಎಂದಷ್ಟೇ ಹೇಳುವುದರಿಂದ ಐರ್‌ಲೆಂಡಿನ ಮಿಡಲ್‌ಟನ್ ಡಿಸ್ಟಿಲರಿಯವರು ಚೆಸ್ಟ್‌ನಟ್ ಮತ್ತು ಅಕೇಶಿಯಾಗಳಲ್ಲಿ ಸೊಗಸಾದ ಕೆಲಸ ಮಾಡಿದ್ದಾರೆ. ಚೆಸ್ಟ್‌ನಟ್ ಕೂಡ ಟ್ಯಾನಿನ್ನಿನ ಮರವೇ ಆದ್ದರಿಂದ ಎರಡು ಹಂತದ ಈ ಕ್ರಮವನ್ನು ಅದರ ಮೇಲೆ ಪ್ರಯೋಗಿಸುವ ಆಸೆ ನನಗೆ ಬಹಳವಿದೆ. ಗಾಳಿಯಲ್ಲಿ ಒಣಗಿಸಿದ ಹಲಗೆಯಿಂದ, ವಾರ್ನಿಷ್ ಬಳಿಯದೆ, ಹೇಳಿದ ಹಂತದವರೆಗೆ ಸುಟ್ಟು ಐದು ಲೀಟರಿನ ಚೆಸ್ಟ್‌ನಟ್ ಪೀಪಾಯಿ ಕಟ್ಟಿಕೊಡುವ ಕೂಪರ್ ಯಾರಿಗಾದರೂ ಪರಿಚಯವಿದ್ದರೆ ದಯವಿಟ್ಟು ತಿಳಿಸಿ.