ಬಿಡುವುದನ್ನು ಕಲಿಯುತ್ತಿರುವ ಕೈ: 14ನೇ ವಾರ

ಹಿಂದಿನೆರಡು ವಾರ 9, 9. ಇವತ್ತು 11. ಸ್ಟ್ರೋಕ್‌ನಿಂದ ಸೋತ ನನ್ನ ಬಲಗೈ ಒಂದು ನಿಮಿಷದಲ್ಲಿ ದಾಟಿಸಿದ ಮರದ ತುಂಡುಗಳ ಲೆಕ್ಕ ಇದು. ಫಿಸಿಯೋ ಮೇಜಿನ ಮೇಲೆ ಒಂದು ಪೆಟ್ಟಿಗೆ, ನಡುವೆ ಅಡ್ಡ ಹಲಗೆ, ಒಂದು ಬದಿಯಲ್ಲಿ ಎರಡೂವರೆ ಸೆಂಟಿಮೀಟರಿನ 150 ಚೌಕ ತುಂಡುಗಳು. ಒಂದೊಂದೇ ಎತ್ತಿ ಆಚೆ ಹಾಕಬೇಕು. ಎರಡು ಒಟ್ಟಿಗೆ ಬಂದರೂ ಲೆಕ್ಕಕ್ಕೆ ಒಂದೇ. ಎಡಗೈ ಇದೇ ಆಟದಲ್ಲಿ 58 ಮುಟ್ಟುತ್ತದೆ. ಇರಲಿ.

ಎತ್ತುವುದು ಈಗ ಅಷ್ಟು ಕಷ್ಟವಲ್ಲ. ಈ ಕೈ ಮುಷ್ಟಿ ಕಟ್ಟುವುದರಲ್ಲಿ ಬಲು ಚುರುಕು. ಬಿಡು ಅಂದರೆ ಮಾತ್ರ ಕೇಳುವುದಿಲ್ಲ. ತುಂಡು ಹಲಗೆ ದಾಟುತ್ತದೆ, ಹೆಬ್ಬೆರಳು ಸರಿಯುತ್ತದೆ, ತೋರುಬೆರಳೂ ಒಂಚೂರು ಏಳುತ್ತದೆ. ಕಿರುಬೆರಳು, ಉಂಗುರ ಬೆರಳು ಅಂಗೈಗೆ ಕಚ್ಚಿಕೊಂಡೇ ಇರುತ್ತವೆ. ಜೋರು ಮಾಡಿದಷ್ಟೂ ಇನ್ನೂ ಬಿಗಿ, ಉಗುರು ಬಿಳುಚಿಕೊಳ್ಳುವಷ್ಟು. ಉಸಿರು ಬಿಟ್ಟು, ಭುಜ ಇಳಿಸಿ, ಬೇರೆಲ್ಲೋ ನೋಡುತ್ತಾ ಕೂತರೆ ಟಪ್ ಅಂತ ಬೀಳುತ್ತದೆ.

ನಡುವೆ ಒಂದು ಕಳ್ಳದಾರಿ ಕಂಡುಕೊಂಡಿದ್ದೆ. ಮಣಿಕಟ್ಟನ್ನು ಕೆಳಕ್ಕೆ ಬಾಗಿಸಿದರೆ ಬೆರಳುಗಳು ತಾವಾಗಿಯೇ ಬಿಚ್ಚಿಕೊಳ್ಳುತ್ತವೆ. ಬೆರಳು ಮಡಚುವ ಸ್ನಾಯುರಜ್ಜುಗಳು ಮಣಿಕಟ್ಟನ್ನು ದಾಟಿಯೇ ಬರುವುದರಿಂದ ಹಾಗೆ ಬಾಗಿಸಿದಾಗ ಸಡಿಲವಾಗುತ್ತವೆ, ಅಷ್ಟೇ. ಇದರಲ್ಲಿ ಮೆದುಳಿನ ಪಾಲೇನೂ ಇಲ್ಲ. ಫಿಸಿಯೋ ಮೇಡಂ ಎರಡೇ ದಿನದಲ್ಲಿ ಹಿಡಿದುಬಿಟ್ಟರು. ಈಗ ಮಣಿಕಟ್ಟಿನ ಕೆಳಗೆ ಸುತ್ತಿದ ಟವೆಲ್ ಇರುತ್ತದೆ, ಬಾಗಿಸುವ ಹಾಗಿಲ್ಲ. 9ರಲ್ಲೇ ಎರಡು ವಾರ ನಿಂತಿದ್ದಕ್ಕೆ ಅದೇ ಕಾರಣ. ಇವತ್ತಿನ 11 ಕಳ್ಳತನವಿಲ್ಲದ 11.

ಮೂರನೇ ವಾರದಲ್ಲಿ ಇನ್ನೊಂದು ಮೋಸವಾಗಿತ್ತು. ಒಂದು ದಿನ ಆಕಳಿಸುವಾಗ ಸತ್ತಂತಿದ್ದ ಕೈ ತಾನೇ ಮೇಲೆದ್ದಿತು! ಮನೆಯವರನ್ನೆಲ್ಲ ಕೂಗಿ ಕರೆದೆ. ಆಕಳಿಕೆ ಮುಗಿಯಿತು, ಕೈ ಮತ್ತೆ ಮಡಿಲಿಗೆ ಬಿತ್ತು. ಸ್ಟ್ರೋಕ್ ಆದ ಕೆಲವರಲ್ಲಿ ಹೀಗಾಗುವುದುಂಟಂತೆ. ನಾವು ಬೇಕೆಂದು ಎತ್ತುವ ದಾರಿ ಬೇರೆ, ಆಕಳಿಕೆ ಬರುವ ದಾರಿ ಬೇರೆ.

ಬಲಗೈಯ ಜಾಗದಲ್ಲಿ ಎಡಗೈಯ ಪ್ರತಿಬಿಂಬ ನೋಡುವ ಕನ್ನಡಿ ಅಭ್ಯಾಸ ದಿನಕ್ಕೆ ಎರಡು ಸಲ ನಡೆದಿದೆ. ನನಗೆ ಅದರಿಂದ ಏನಾಗಿದೆಯೋ ಹೇಳಲಾರೆ, ಎಡಗೈಯ ಪ್ರತಿಬಿಂಬವನ್ನು ಬಲಗೈ ಅಂತ ನಂಬುವುದಕ್ಕೆ ಮನಸ್ಸು ಬರುವುದಿಲ್ಲ.

ಗವಸಿನ ಅಭ್ಯಾಸ ಮಾತ್ರ ಕೆಲಸ ಮಾಡುತ್ತಿದೆ ಅನ್ನಿಸುತ್ತದೆ. ಚೆನ್ನಾಗಿರುವ ಎಡಗೈಗೆ ದಪ್ಪ ಗವಸು ಹಾಕಿ ಕಟ್ಟಿ, ಎಲ್ಲವನ್ನೂ ಬಲಗೈಯಿಂದಲೇ ಮಾಡುವುದು. ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಟೌಬ್ ರೂಪಿಸಿದ ಮೂಲ ಪದ್ಧತಿಯಲ್ಲಿ ಎರಡು ವಾರ, ಎಚ್ಚರವಿರುವ ಹೊತ್ತಿನ ಶೇ. 90ರಷ್ಟು ಕಾಲ ಗವಸು ಇರಬೇಕು. ಅದಕ್ಕೆ ಮೊದಲು ಮಣಿಕಟ್ಟು ಸುಮಾರು 20 ಡಿಗ್ರಿ, ಬೆರಳುಗಳು 10 ಡಿಗ್ರಿಯಷ್ಟಾದರೂ ತಾವಾಗಿ ಮೇಲೇಳಬೇಕು ಅನ್ನುವ ಷರತ್ತೂ ಇದೆ. ನಾನು ಅಲ್ಲಿಗೆ ತಲುಪಿದ್ದೇ 11ನೇ ವಾರ. ದಿನಕ್ಕೆ ಮೂರು ಗಂಟೆ ಕಟ್ಟಿಕೊಳ್ಳುತ್ತೇನೆ. ಮೆಟ್ಟಿಲು, ಬಿಸಿನೀರು ಇರುವಲ್ಲಿ ಬಿಚ್ಚಿಡುತ್ತೇನೆ. ಆ ಮೂರು ಗಂಟೆ ನನ್ನ ಜೊತೆ ಯಾರೂ ಮಾತಾಡದಿದ್ದರೆ ಒಳ್ಳೆಯದು, ಅಷ್ಟು ಸಿಡಿಮಿಡಿ.

ಗುರುವಾರ ಗವಸು ಕಟ್ಟಿಕೊಂಡೇ ಅಂಗಿ ಹಾಕಲು ಹೋದೆ. ಮೂರನೇ ಗುಂಡಿಗೇ ಏಳು ನಿಮಿಷ ಹಿಡಿಯಿತು. ಹೆಬ್ಬೆರಳು ಗುಂಡಿಯ ಅಂಚನ್ನು ತಳ್ಳಿತು, ತೋರುಬೆರಳು ಆಚೆಯಿಂದ ಎಳೆಯಿತು, ಆಮೇಲೆ ಎರಡೂ ಬಿಟ್ಟವು, ನಾನು ಹೇಳಿದ ಕೂಡಲೇ. ನೋಡಿದರೆ ಗುಂಡಿ ನಾಲ್ಕನೇ ಕಾಜದಲ್ಲಿತ್ತು. ಬಿಚ್ಚಲಿಲ್ಲ. ರಾತ್ರಿಯವರೆಗೂ ಅಂಗಿ ಸೊಟ್ಟಗೇ ಇತ್ತು.