ಗೇರುಬೀಜಕ್ಕೆ ಎಂತ ಹಲಾಲ್ ಮಾರ್ರೆ?

ಮಂಗಳೂರಿನ ಬೈಕಂಪಾಡಿಯ ಒಂದು ಗೇರುಬೀಜ ಫ್ಯಾಕ್ಟರಿಯಲ್ಲಿ ರಫ್ತಿನ ಕಾಗದಪತ್ರ ನೋಡಿಕೊಳ್ಳುವುದು ನನ್ನ ಕೆಲಸ. ಇಂಡೋನೇಷ್ಯಾದ ಪಾರ್ಟಿಯೊಬ್ಬರು ಚೀಸ್ ಮಸಾಲೆ ಹಚ್ಚಿದ ಬೀಜ ಕೇಳಿದರು. ಹಲಾಲ್ ಸರ್ಟಿಫಿಕೇಟ್ ಇದೆಯಾ ಅಂದರು. ನಾನು ಸುಮ್ನೆ 'ಇದೆ' ಅಂದುಬಿಟ್ಟೆ. ದುಬೈ ಕಡೆಯವರಿಗೆ ಹಿಂದೆ ಮಾಡಿಸಿದ್ದು ಫೈಲಲ್ಲಿತ್ತು, ಅವಧಿಯೂ ಮುಗಿದಿರಲಿಲ್ಲ, ಇನ್ನೇನು ಬೇಕು ಅಲ್ವಾ?

ಅದು ನಡೆಯಲಿಲ್ಲ. ಇಂಡೋನೇಷ್ಯಾದಲ್ಲಿ ಹಲಾಲ್ ಬಗ್ಗೆಯೇ 2014ರ 33ನೇ ಕಾನೂನು ಅಂತ ಒಂದಿದೆ, ಅದರ ಉಸ್ತುವಾರಿ ಬಿಪಿಜೆಪಿಎಚ್ ಅನ್ನುವ ಸರ್ಕಾರಿ ಸಂಸ್ಥೆಯದು. ಹೊರದೇಶದ ಸರ್ಟಿಫಿಕೇಟ್ ಆದರೆ ಅದನ್ನು ಕೊಟ್ಟವರಿಗೆ ಈ ಬಿಪಿಜೆಪಿಎಚ್ ಮಾನ್ಯತೆ ಇರಬೇಕು, ಆಮೇಲೆ ಸರ್ಟಿಫಿಕೇಟನ್ನೂ ಅಲ್ಲಿ ನೋಂದಾಯಿಸಬೇಕು. ನಮಗೆ ಕೊಟ್ಟವರ ಹೆಸರು ಆ ಪಟ್ಟಿಯಲ್ಲಿರಲಿಲ್ಲ. ಹೊರಗಿನಿಂದ ಬರುವ ತಿಂಡಿಗೆ ಹಲಾಲ್ ಕಡ್ಡಾಯವಾಗುವ ಗಡುವು 2026ರ ಅಕ್ಟೋಬರ್ 17ಕ್ಕೆ ಹೋಗಿದೆ ನಿಜ, ಆದರೆ ಪಾರ್ಟಿಗೆ ಈಗಲೇ ಬೇಕಿತ್ತು.

ನಮ್ಮ ದೇಶದಲ್ಲಿ ಏನಿದೆ ಅಂತ ಹುಡುಕಿದೆ. ಎಲ್ಲಾ ತಿಂಡಿಗೂ ಅನ್ವಯಿಸುವ ಹಲಾಲ್ ಕಾನೂನು ಇಲ್ಲ. ಮಾಂಸ ರಫ್ತಿಗೆ ಮಾತ್ರ ಕೇಂದ್ರದ ವಿದೇಶ ವ್ಯಾಪಾರ ಇಲಾಖೆ ಡಿಜಿಎಫ್‌ಟಿ 2023ರಲ್ಲಿ ನಿಯಮ ತಂದಿತು, ಮಾನ್ಯತೆ ಪಡೆದ ಸಂಸ್ಥೆಯ ಸರ್ಟಿಫಿಕೇಟೇ ಬೇಕು ಅಂತ. ಅದೇ ವರ್ಷ ನವೆಂಬರಲ್ಲಿ ಉತ್ತರ ಪ್ರದೇಶ ಹಲಾಲ್ ಮುದ್ರೆಯ ಸಾಮಾನು ಮಾರುವುದನ್ನೇ ನಿಷೇಧಿಸಿತು, ರಫ್ತಿನದ್ದನ್ನು ಬಿಟ್ಟು. ಗೇರುಬೀಜದವನಿಗೆ ಇದರಲ್ಲಿ ಯಾವುದೂ ದಾರಿ ತೋರಿಸುವುದಿಲ್ಲ.

ಪಟ್ಟಿಯಲ್ಲಿದ್ದ ಬೇರೆ ಸಂಸ್ಥೆಯ ಆಡಿಟರ್ ಬಂದರು. ನಮ್ಮ ಸೂಪರ್‌ವೈಸರ್ ಅಕ್ಕ ನನ್ನ ಕಿವಿಯಲ್ಲಿ, 'ಮರದಲ್ಲಿ ಆಗುವ ಬೀಜಕ್ಕೆ ಎಂತ ಹಲಾಲ್ ಮಾರ್ರೆ?' ಅಂದರು. ಬೀಜದ ಮಟ್ಟಿಗೆ ಅಕ್ಕ ಹೇಳಿದ್ದು ಸರಿಯೇ. ಆಡಿಟರ್ ಬೀಜದ ಕಡೆ ನೋಡಲೂ ಇಲ್ಲ, ಸೀದಾ ಮಸಾಲೆ ಡಬ್ಬಕ್ಕೆ ಹೋದರು. ಚೀಸ್ ಪುಡಿಗೆ ಹಾಲು ಒಡೆಸಿದ ರೆನೆಟ್ ಎಲ್ಲಿಯದು? ಎಣ್ಣೆ ನೀರು ಬೆರೆಯಲು ಹಾಕುವ ಇ471 ತಾಳೆ ಎಣ್ಣೆಯದ್ದಾ, ಪ್ರಾಣಿಯ ಕೊಬ್ಬಿನದ್ದಾ? ಡಬ್ಬದ ಮೇಲೆ ಹಸಿರು ಚುಕ್ಕೆ ಇದೆಯಲ್ಲ ಸರ್, ಅಂದೆ. 'ಹಾಲಿನಂಥದ್ದು ಬಿಟ್ಟು ಪ್ರಾಣಿಯದ್ದು ಇಲ್ಲ ಅಂತ ಅದು ಹೇಳುತ್ತದೆ. ಫ್ಲೇವರನ್ನು ಆಲ್ಕೋಹಾಲಲ್ಲಿ ಕರಗಿಸಿದ್ದಾರಾ ಅಂತ ಹೇಳುವುದಿಲ್ಲ' ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಆಮೇಲೆ ಟ್ರೇಗೆ ಎಣ್ಣೆ ಸವರುವ ಬ್ರಷ್ ಎತ್ತಿಕೊಂಡರು. ಅದರಿಂದ ಎರಡು ಕೂದಲು ಕಿತ್ತು, ಹೊರಗೆ ಹೋಗಿ ಬೆಂಕಿಕಡ್ಡಿ ಗೀರಿದರು. ನೈಲಾನ್ ಆದರೆ ಕರಗಿ ಗಂಟಾಗಬೇಕು. ಇದು ಚಿರ್ರಂತ ಸುರುಟಿ, ತಲೆಕೂದಲು ಸುಟ್ಟ ವಾಸನೆ ಬಂತು. ಇಂಥ ಬ್ರಷ್ಷಿಗೆ ಹಂದಿಯ ಕೂದಲು ಹಾಕುವುದು ಮಾಮೂಲು ಅಂತ ನನಗೆ ಗೊತ್ತಾದದ್ದೇ ಆಗ. ಬಂದರಿನ ಹಾರ್ಡ್‌ವೇರ್ ಅಂಗಡಿಯಿಂದ ಡಜನ್‌ಗಟ್ಟಲೆ ತಂದದ್ದು ನಾನೇ.

ಎಲ್ಲಾ ಬ್ರಷ್ ಎಸೆದು, ಟ್ರೇಗಳನ್ನು ಅವರು ಹೇಳಿದ ಕ್ರಮದಲ್ಲೇ ತೊಳೆಸಿ, ಮಸಾಲೆ ಸಪ್ಲೈಯರ್‌ನಿಂದ ಒಂದೊಂದು ಪದಾರ್ಥದ ಪತ್ರ ತರಿಸುವಷ್ಟರಲ್ಲಿ ಆರು ವಾರ ಹೋಯಿತು. ಪಾರ್ಟಿ ಆ ಸಲ ಸಾದಾ ಬೀಜ ಮಾತ್ರ ತೆಗೆದುಕೊಂಡರು. ಈಗ ಬ್ರಷ್ ತರುವಾಗಲೂ ಅಕ್ಕ ಒಂದು ಕೂದಲು ಸುಟ್ಟು ನೋಡಿಯೇ ಒಳಗೆ ಬಿಡುತ್ತಾರೆ.