ಜೋಗೆ ಮನೆ ಸಿಕ್ಕಿದ್ದು ಮದುವೆಗೆ ಮೊದಲು

ಕಳೆದ ತಿಂಗಳು ಒಂದು ರಾತ್ರಿ ಹತ್ತೂವರೆಗೆ ಅಕ್ಕನ ಮಗಳು ಮಣಿಪಾಲದ ಹಾಸ್ಟೆಲಿನಿಂದ ಫೋನ್ ಮಾಡಿದಳು. ಅತ್ತು ಮುಗಿಸಿದ ದನಿ. ಏನಾಯ್ತೋ ಅಂತ ನನಗೆ ಗಾಬರಿ. "ಚಿಕ್ಕಮ್ಮ, ಜೋ ಯಾಕೆ ಲೋರಿಯನ್ನು ಮದುವೆ ಆಗ್ಲಿಲ್ಲ?" ಅಂದಳು. 'ಲಿಟಲ್ ವಿಮೆನ್' ಕಾದಂಬರಿ ಓದಿ ಮುಗಿಸಿದ್ದಳು. ಜೋ ಅದರ ನಾಯಕಿ, ಬರೆಯುವ ಹುಚ್ಚಿನ ಹುಡುಗಿ, ಲೋರಿ ಪಕ್ಕದ ಮನೆಯ ಗೆಳೆಯ. ನಾನೇ ಕೊಟ್ಟ ಪುಸ್ತಕ, ಕೊಣಾಜೆಯಲ್ಲಿ ಎಂಎ ಓದುವಾಗ ತೆಗೆದುಕೊಂಡದ್ದು, ಈಗ ಅಂಚೆಲ್ಲ ಹಳದಿಯಾಗಿದೆ.

ಅವಳ ಸಿಟ್ಟಿಗೆ ನೂರೈವತ್ತು ವರ್ಷಕ್ಕಿಂತ ಜಾಸ್ತಿ ವಯಸ್ಸಾಗಿದೆ. ಆ ಕಾದಂಬರಿಯ ಮೊದಲ ಭಾಗ ಬಂದದ್ದು 1868ರ ಸೆಪ್ಟೆಂಬರಿನಲ್ಲಿ, ಎರಡನೆಯದು 1869ರಲ್ಲಿ. ನಡುವಿನ ಆ ತಿಂಗಳುಗಳಲ್ಲಿ ಲೇಖಕಿ ಲೂಯಿಸಾ ಮೇ ಆಲ್ಕಾಟ್‌ಗೆ ಹುಡುಗಿಯರ ಪತ್ರ ಬರತೊಡಗಿದವು, ಯಾರು ಯಾರನ್ನು ಮದುವೆ ಆಗ್ತಾರೆ ಅಂತ. ಹೆಣ್ಣಿನ ಬಾಳಿಗೆ ಅದೊಂದೇ ಗುರಿ ಎನ್ನುವ ಹಾಗೆ ಕೇಳ್ತಾರಲ್ಲ, ಯಾರನ್ನೋ ಮೆಚ್ಚಿಸಲಿಕ್ಕೆ ನಾನು ಜೋಗೂ ಲೋರಿಗೂ ಮದುವೆ ಮಾಡಿಸುವುದಿಲ್ಲ ಅಂತ ಆಕೆ ಡೈರಿಯಲ್ಲಿ ಬರೆದುಕೊಂಡರು. ಜೋ ಮದುವೆಯೇ ಆಗದೆ ಬರೆಯುತ್ತಾ ಇರಬೇಕಿತ್ತು ಅನ್ನುವುದು ಅವರ ಮನಸ್ಸು. ಒತ್ತಾಯ ತಡೆಯಲಾಗಲಿಲ್ಲ. ಕಡೆಗೆ ವಯಸ್ಸಾದ, ಬಡ ಜರ್ಮನ್ ಮೇಷ್ಟ್ರು ಬೇರ್ ಜೊತೆ ಮದುವೆ ಮಾಡಿಸಿದರು. ಮಳೆ, ಕೆಸರು, ಇಬ್ಬರ ನಡುವೆ ಒಂದೇ ಕೊಡೆ. ನಮ್ಮ ಊರಿನ ಆಟಿ ತಿಂಗಳ ಹಾಗೆ. ಆಲ್ಕಾಟ್ ಮಾತ್ರ ಮದುವೆ ಆಗಲಿಲ್ಲ. ಅಪ್ಪನ ಸಾಲ ತೀರಿಸಿ, ಅಮ್ಮನನ್ನು ನೋಡಿಕೊಂಡು, ಬರೆದು ದುಡಿದೇ 1888ರಲ್ಲಿ ತೀರಿಕೊಂಡರು.

ಎಲ್ಲರೂ ಇಲ್ಲಿಗೇ ನಿಲ್ಲುತ್ತಾರೆ. ಲೋರಿಯೋ ಬೇರೋ, ಅದೇ ಚರ್ಚೆ. ನಾನು ಹುಡುಗಿಗೆ ಹೇಳಿದ್ದು ಬೇರೆ. ಕೊನೆಯ ಅಧ್ಯಾಯ ಇನ್ನೊಮ್ಮೆ ಓದು, ಮನೆ ಯಾರ ಹೆಸರಲ್ಲಿ ಉಂಟು ನೋಡು. ಮೇಷ್ಟ್ರು ಕೇಳಿ, ಜೋ ಒಪ್ಪಿ, ಅವರು ದೂರದೂರಿಗೆ ಪಾಠ ಮಾಡಲಿಕ್ಕೆ ಹೋಗಿ ಒಂದು ವರ್ಷ ಆಗುತ್ತದೆ. ಅಷ್ಟರಲ್ಲಿ ಮಾರ್ಚ್ ಅತ್ತೆ ತೀರಿಕೊಳ್ತಾಳೆ, ಪ್ಲಮ್‌ಫೀಲ್ಡ್ ಎಂಬ ದೊಡ್ಡ ಮನೆಯನ್ನು ಜೋ ಹೆಸರಿಗೆ ಬರೆದಿಟ್ಟಿರುತ್ತಾಳೆ. ಆಮೇಲೆ ಮದುವೆ. ಅಲ್ಲಿ ಶಾಲೆ ಮಾಡಬೇಕು ಅನ್ನುವ ಯೋಚನೆಯೂ ಜೋದೇ. ಗಂಡ ತಂದದ್ದು ತುಂಬಿದ ಹೃದಯ ಮತ್ತು ಬರಿಗೈ, ಹಾಗಂತ ಅವರೇ ಹೇಳ್ತಾರೆ. ಅಂದರೆ ಇಲ್ಲಿ ಹೆಂಡತಿ ಗಂಡನ ಮನೆಗೆ ಹೋಗಲಿಲ್ಲ, ಗಂಡ ಹೆಂಡತಿಯ ಮನೆಗೆ ಬಂದ. ಆಲ್ಕಾಟ್ ಓದುಗರಿಗೆ ಮದುವೆ ಕೊಟ್ಟರು, ಜೋಗೆ ಮನೆ ಕೊಟ್ಟರು. ಈ ಎರಡನೆಯದರ ಬಗ್ಗೆ ಯಾರೂ ಮಾತಾಡುವುದಿಲ್ಲ, ನನಗೆ ಅದೇ ಬೇಸರ.

ನಾನು ಇದನ್ನು ಹೀಗೆ ಓದಲಿಕ್ಕೆ ನನ್ನ ಕೆಲಸವೂ ಕಾರಣ ಇರಬಹುದು. ಬ್ಯಾಂಕಿನಲ್ಲಿ ಹದಿನೆಂಟು ವರ್ಷ ಆಯ್ತು. ಬೀಡಿ ಕಟ್ಟುವ ಹೆಂಗಸರು ನಮ್ಮಲ್ಲಿಗೆ ತುಂಬಾ ಬರ್ತಾರೆ. ಒಂದು ದಿನ ಐವತ್ತು ದಾಟಿದ ಒಬ್ಬರು ಎಫ್‌ಡಿ ಮಾಡಲಿಕ್ಕೆ ಬಂದಿದ್ದರು. ಬೆರಳ ತುದಿಯೆಲ್ಲ ಹೊಗೆಸೊಪ್ಪಿನ ಬಣ್ಣ, ತೋರುಬೆರಳಿನ ಬದಿಯಲ್ಲಿ ಕತ್ತರಿ ಒತ್ತಿ ಒತ್ತಿ ಗಟ್ಟಿಯಾದ ಚರ್ಮ. ಗಂಡ ಬಾಗಿಲ ಹತ್ತಿರ ಫೋನಿನಲ್ಲಿ ಮಾತಾಡ್ತಾ ಇದ್ದರು. ಜಾಯಿಂಟ್ ಮಾಡುವುದಾ ಅಂತ ನಾನು ಕೇಳಿದಾಗ ಅವರು ಕೌಂಟರಿಗೆ ಬಾಗಿ ಮೆತ್ತಗೆ, "ಎನ್ನ ಪುದರ್‌ಡೇ ಉಪ್ಪಡ್" ಅಂದರು. ನನ್ನ ಹೆಸರಲ್ಲೇ ಇರಲಿ. ಗಂಡನ ಮೇಲೆ ಸಿಟ್ಟು ಇದ್ದ ಹಾಗೆ ಕಾಣಲಿಲ್ಲ. ಇಬ್ಬರೂ ಒಂದೇ ಸ್ಕೂಟರಿನಲ್ಲಿ ಹೋದರು. ಆ ಮಾತನ್ನು ಅಷ್ಟು ಮೆತ್ತಗೆ ಹೇಳಬೇಕಾಯ್ತಲ್ಲ ಅಂತ ನನಗೆ ಇವತ್ತಿಗೂ ಮನಸ್ಸಿನಲ್ಲಿ ಉಳಿದಿದೆ.

ಆ ಕಾಲದ ಅಮೆರಿಕದಲ್ಲಿ ಮೆತ್ತಗೆ ಹೇಳಿದರೂ ಆಗ್ತಿರಲಿಲ್ಲ. ಇಂಗ್ಲೆಂಡಿನಿಂದ ಬಂದ ಹಳೆ ಕಾನೂನಿನ ಪ್ರಕಾರ ಮದುವೆಯಾದ ಕೂಡಲೇ ಹೆಂಡತಿಯ ದುಡ್ಡು, ಸಾಮಾನು, ದುಡಿದ ಕೂಲಿ ಎಲ್ಲ ಗಂಡನದ್ದು. ಒಂದೊಂದು ರಾಜ್ಯ ಒಂದೊಂದು ಹೊತ್ತಿಗೆ ಇದನ್ನು ಬದಲಾಯಿಸಿತು. ನ್ಯೂಯಾರ್ಕಿನಲ್ಲಿ 1848ರಲ್ಲಿ ಹೆಂಡತಿಯ ಆಸ್ತಿ ಅವಳದ್ದೇ ಆಯಿತು, ಆದರೆ ಅವಳು ದುಡಿದ ಸಂಬಳ ಅವಳದ್ದು ಅಂತ ಆಗಲಿಕ್ಕೆ 1860ರವರೆಗೆ ಕಾಯಬೇಕಾಯ್ತು. ಇದನ್ನು ತಲೆಯಲ್ಲಿ ಇಟ್ಟುಕೊಂಡು ಓದಿದರೆ ಆ ಕಾಲದ ಕಥೆಗಳಲ್ಲಿ 'ಮದುವೆ ಆಗ್ತೀಯಾ' ಅನ್ನುವ ಪ್ರಶ್ನೆಯ ಭಾರವೇ ಬೇರೆ. ಅದು ಪ್ರೀತಿಯ ಪ್ರಶ್ನೆ ಮಾತ್ರ ಆಗಿರಲಿಲ್ಲ.

ಫ್ಯಾನಿ ಫರ್ನ್ ಎಂಬ ಹೆಸರಿನಲ್ಲಿ ಬರೆಯುತ್ತಿದ್ದವರ 'ರುತ್ ಹಾಲ್' ಎಂಬ ಕಾದಂಬರಿ ಇದೆ, 1850ರ ದಶಕದ್ದು. ಗಂಡ ಸತ್ತ ಮೇಲೆ ತವರೂ ಗಂಡನ ಮನೆಯವರೂ ಕೈಬಿಟ್ಟಾಗ ರುತ್ ಪತ್ರಿಕೆಗೆ ಬರೆದು ಮಕ್ಕಳನ್ನು ಸಾಕ್ತಾಳೆ. ಬೇರೆ ಲೇಖಕರಾದರೆ ಕೊನೆಗೆ ಒಳ್ಳೆಯ ಗಂಡನ್ನು ತಂದು ನಿಲ್ಲಿಸುತ್ತಿದ್ದರು. ಇಲ್ಲಿ ಅವಳ ಕೈಗೆ ಬರುವುದು ಬ್ಯಾಂಕಿನ ನೂರು ಷೇರುಗಳ ಸರ್ಟಿಫಿಕೇಟು. ಆ ಸರ್ಟಿಫಿಕೇಟನ್ನು ಪುಸ್ತಕದಲ್ಲಿ ಇದ್ದ ಹಾಗೇ ಅಚ್ಚು ಹಾಕಿದ್ದಾರೆ, ಅವಳ ಹೆಸರಿನ ಸಮೇತ. ಅದನ್ನು ಮೊದಲ ಸಲ ನೋಡಿದಾಗ ನನಗೆ ಕಣ್ಣು ತುಂಬಿ ಬಂತು. ದಿನಾ ಇಂಥ ಕಾಗದ ಮುಟ್ಟುವವಳು ನಾನು, ಅದರ ಬೆಲೆ ಗೊತ್ತು.

ಆದರೆ ನನಗೆ ಎಲ್ಲಕ್ಕಿಂತ ಹತ್ತಿರದ ಕಥೆ ಮೇರಿ ವಿಲ್ಕಿನ್ಸ್ ಫ್ರೀಮನ್ ಅವರ 'ದಿ ರಿವೋಲ್ಟ್ ಆಫ್ ಮದರ್', 1890ರದ್ದು. ನ್ಯೂ ಇಂಗ್ಲೆಂಡಿನ ಒಂದು ಹಳ್ಳಿ, ಸಾರಾ ಪೆನ್ ಎಂಬ ರೈತನ ಹೆಂಡತಿ. ಮದುವೆಯಾಗಿ ಬಂದಾಗ ಗಂಡ ಅಡೋನಿರಾಮ್, ಹೊಲದಲ್ಲಿ ಜಾಗ ತೋರಿಸಿ ಇಲ್ಲೇ ಹೊಸ ಮನೆ ಕಟ್ಟುವ ಅಂದಿದ್ದ. ನಲವತ್ತು ವರ್ಷ ಆಯಿತು. ಈಗ ಅದೇ ಜಾಗದಲ್ಲಿ ಪಾಯ ತೋಡ್ತಾ ಇದ್ದಾರೆ, ಹಟ್ಟಿಗೆ. ಇನ್ನಷ್ಟು ದನ ತರಲಿಕ್ಕೆ. ಮಗನಿಗೆ ಮೂರು ತಿಂಗಳಿಂದ ಗೊತ್ತು, ಅವಳಿಗೆ ಯಾರೂ ಹೇಳಿಲ್ಲ. ಅವಳು ಗಂಡನನ್ನು ಕೂರಿಸಿ ಒಂದೊಂದೇ ತೋರಿಸ್ತಾಳೆ, ಈ ಒಂದು ಕೋಣೆಯಲ್ಲೇ ಅಡುಗೆ, ಊಟ, ಬಂದವರನ್ನು ಕೂರಿಸುವುದು, ಮಗಳ ಮದುವೆ ಇಲ್ಲೇ ಆಗಬೇಕು, ನೋಡು ಅಂತ. ಅವನು ಹೇಳುವುದು ಒಂದೇ ಮಾತು, ನನಗೆ ಹೇಳಲಿಕ್ಕೆ ಏನೂ ಇಲ್ಲ. ಆಮೇಲೂ ಅವಳು ಅವನಿಗೆ ಇಷ್ಟದ ಪೈ ಮಾಡಿ ಬಡಿಸ್ತಾಳೆ. ಹಟ್ಟಿ ಎದ್ದು ನಿಂತ ಮೇಲೆ, ಅವನು ಕುದುರೆ ತರಲಿಕ್ಕೆ ಬೇರೆ ಊರಿಗೆ ಹೋದ ಹೊತ್ತು ನೋಡಿ, ಸಾರಾ ಪಾತ್ರೆ ಪಗಡಿ ಹಾಸಿಗೆ ಒಲೆ ಎಲ್ಲ ಹೊಸ ಹಟ್ಟಿಗೆ ಸಾಗಿಸ್ತಾಳೆ. ಸಂಜೆ ಐದರ ಒಳಗೆ ಸಂಸಾರ ಪೂರ್ತಿ ಹಟ್ಟಿಯಲ್ಲಿ. ಹೊಸ ದನಗಳಲ್ಲಿ ಒಂದು, ಹಳೆ ಮನೆಯಲ್ಲಿ ಒಲೆ ಇದ್ದ ಜಾಗದಲ್ಲಿ!

ಪಾದ್ರಿ ಬುದ್ಧಿ ಹೇಳಲಿಕ್ಕೆ ಬಂದರೆ, ಯೋಚನೆ ಮಾಡಿಯೇ ಮಾಡಿದ್ದೇನೆ, ಇದು ನನಗೂ ದೇವರಿಗೂ ಗಂಡನಿಗೂ ಬಿಟ್ಟ ವಿಷಯ ಅಂತ ಹೇಳಿ ಕಳಿಸ್ತಾಳೆ. ಗಂಡ ವಾಪಸ್ ಬರ್ತಾನೆ, ಊಟ ಮಾಡ್ತಾನೆ, ಹೊರಗೆ ಮೆಟ್ಟಿಲಲ್ಲಿ ಕೂತು ಅಳ್ತಾನೆ. ಗೋಡೆ ಹಾಕಿಸ್ತೇನೆ, ನಿನಗೆ ಬೇಕಾದ್ದೆಲ್ಲ ಮಾಡಿಸ್ತೇನೆ, ನಿನಗೆ ಇದು ಇಷ್ಟು ಬೇಕಾಗಿತ್ತು ಅಂತ ನನಗೆ ಗೊತ್ತೇ ಇರಲಿಲ್ಲ ಅಂತಾನೆ. ನಲವತ್ತು ವರ್ಷ ಆದ ಮೇಲೆ! ನನಗೆ ಅವನ ಮೇಲೆ ಕೋಪ ಬರ್ತದೆ, ಮರುಕವೂ ಬರ್ತದೆ. ಅವನು ಕೆಟ್ಟವನಲ್ಲ. ಅವಳ ಆಸೆ ಅವನ ಲೆಕ್ಕದ ಪುಸ್ತಕದಲ್ಲಿ ಇರಲಿಲ್ಲ, ಅಷ್ಟೆ.

ಫ್ರೀಮನ್ 1917ರಲ್ಲಿ, ಆ ಕಥೆ ಸ್ವಲ್ಪವೂ ನಿಜವಲ್ಲ, ನ್ಯೂ ಇಂಗ್ಲೆಂಡಿನಲ್ಲಿ ಅಂಥ ತಾಯಿ ಇರಲೇ ಇಲ್ಲ ಅಂತ ಬರೆದರು. ನಾನು ಒಪ್ಪುವುದಿಲ್ಲ. ಅಂಥವರು ಎಲ್ಲ ಊರಲ್ಲೂ ಇರ್ತಾರೆ, ಸಾಮಾನು ಹೊರುವ ದಿನ ಬಂದಿರುವುದಿಲ್ಲ.

ನಮ್ಮ ಊರಿನವರು ಇಂಥ ಮಾತು ಬಂದಾಗ ಅಳಿಯಸಂತಾನದ ಹೆಮ್ಮೆ ಹೇಳ್ತೇವೆ. ಹೆಮ್ಮೆಯ ವಿಷಯವೇ ಹೌದು. ಆಸ್ತಿ ತಾಯಿಯ ಸಾಲಿನಲ್ಲಿ ಇಳಿಯುತ್ತಿತ್ತು, ಮಕ್ಕಳು ತಾಯಿಯ ಕುಟುಂಬಕ್ಕೆ ಸೇರುತ್ತಿದ್ದರು, ಮದುವೆಯಾದವಳಿಗೆ ಹುಟ್ಟಿದ ಮನೆಯಲ್ಲಿ ಹಕ್ಕು ಹೋಗುತ್ತಿರಲಿಲ್ಲ. ಅಮೆರಿಕದ ಹೆಂಗಸರು ಕೂಲಿಗಾಗಿ ಕಾನೂನು ಕೇಳುತ್ತಿದ್ದ ಕಾಲಕ್ಕೆ ಇಲ್ಲಿ ದೊಡ್ಡ ಜಮೀನಿನ ಗುತ್ತಿನ ಮನೆಗಳಲ್ಲಿ ಇದು ವಾಡಿಕೆ. ಆದರೆ ಎಲ್ಲ ಜಾತಿಯವರಲ್ಲೂ ಇರಲಿಲ್ಲ. ಇದ್ದಲ್ಲೂ ಯಜಮಾನಿಕೆ ಹೆಚ್ಚಾಗಿ ಸೋದರಮಾವನದ್ದು, ಭತ್ತ ತುಂಬಿಡುವ ಪತ್ತಾಯದ ಬೀಗದ ಕೈ ಅವರ ಸೊಂಟದಲ್ಲಿ. ಹೆಸರು ಒಬ್ಬರದ್ದು, ಕೈ ಇನ್ನೊಬ್ಬರದ್ದು ಆದರೆ ಏನಾಗ್ತದೆ ಅಂತ ಕೌಂಟರಿನಲ್ಲಿ ಕೂತ ನನಗೆ ಯಾರೂ ವಿವರಿಸಬೇಕಾಗಿಲ್ಲ.

ಮನೆ, ದುಡ್ಡು ಸಿಕ್ಕಿದರೆ ಎಲ್ಲ ಆಯ್ತಾ? ಅಕ್ಕನ ಮಗಳು ಇದನ್ನೂ ಕೇಳಿದಳು, ಅದು ಸರಿಯಾದ ಪ್ರಶ್ನೆ. ಕೇಟ್ ಶೋಪಾನ್ ಅವರ 'ದಿ ಅವೇಕನಿಂಗ್' ನೆನಪಾಯ್ತು. ಅದರಲ್ಲಿ ಎಡ್ನಾ ಗಂಡನ ದೊಡ್ಡ ಮನೆ ಬಿಟ್ಟು ಅಲ್ಲೇ ಹತ್ತಿರದ ಪುಟ್ಟ ಬಾಡಿಗೆ ಮನೆಗೆ ಹೋಗ್ತಾಳೆ. ದುಡ್ಡು ಅವಳದ್ದೇ, ತಾಯಿಯಿಂದ ಬಂದ ಸ್ವಲ್ಪ, ರೇಸಿನಲ್ಲಿ ಗೆದ್ದದ್ದು ಸ್ವಲ್ಪ, ಚಿತ್ರ ಮಾರಿದ್ದು ಸ್ವಲ್ಪ. ಊರಿನವರು ಏನಂದಾರು ಅಂತ ಗಂಡ, ಮನೆ ರಿಪೇರಿ ನಡೀತಾ ಇದೆ ಅಂತ ಪೇಪರಿನಲ್ಲಿ ಸುದ್ದಿ ಹಾಕಿಸ್ತಾನೆ. ಆದರೂ ಕಡೆಗೆ ಅವಳು ಸಮುದ್ರಕ್ಕೆ ನಡೀತಾಳೆ. ಸ್ವಂತ ಬಾಗಿಲು ಇತ್ತು, ಅದರ ಹೊರಗೆ ಅವಳಂಥವಳಿಗೆ ಹೋಗಲಿಕ್ಕೆ ದಾರಿ ಇರಲಿಲ್ಲ. ನನ್ನ ಮಾತಿಗೆ ಎದುರಾಗಿ ನಿಲ್ಲುವ ಕಾದಂಬರಿ ಇದು. ಅದಕ್ಕೇ ಮತ್ತೆ ಮತ್ತೆ ಓದುತ್ತೇನೆ.

ಅದು ಅಚ್ಚಾದದ್ದು 1899ರಲ್ಲಿ. ಅದೇ ವರ್ಷ ನಮ್ಮ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' ಅಚ್ಚಾಯಿತು. ಎಳೆಯ ವಯಸ್ಸಿನಲ್ಲೇ ವಿಧವೆಯಾದ ಹುಡುಗಿ ಮನೆಬಿಟ್ಟು ಓಡಿ, ಓದು ಕಲಿತು, ಮತ್ತೆ ಮದುವೆಯಾಗುವ ಕಥೆ. ಅಲ್ಲಿ ಮದುವೆಯಿಂದ ಹೊರಗೆ ಹೋಗುವುದೇ ಬಿಡುಗಡೆ, ಇಲ್ಲಿ ಮದುವೆಯಾಗುವ ಹಕ್ಕೇ ಬಿಡುಗಡೆ. ಎರಡನ್ನೂ ಒಟ್ಟಿಗೆ ಇಟ್ಟು ನೋಡಿ. ಇಬ್ಬರೂ ತಮಗೆ ಬೇಕಾದ್ದನ್ನು ತಾವೇ ಹೇಳಬೇಕು ಅಂತಲೇ ಹೊರಟವರು.

ಸಾರಾ ಪೆನ್ ಕಥೆಯನ್ನು ಕಳೆದ ಭಾನುವಾರ ಅಮ್ಮನಿಗೆ ಹೇಳಿದೆ. ಅಮ್ಮ ಜಗಲಿಯಲ್ಲಿ ಮಡಿಲಿಗೆ ತಡ್ಪೆ ಇಟ್ಟುಕೊಂಡು ಬೀಡಿ ಕಟ್ಟುತ್ತಾ ಇದ್ದಳು. ಈಗ ಬೇಡ ಅಂದರೂ ಬಿಡುವುದಿಲ್ಲ. ತಗಡಿನ ಅಳತೆ ಇಟ್ಟು ಎಲೆ ಕತ್ತರಿಸುವುದು, ಚಿಟಿಕೆ ಹೊಗೆಸೊಪ್ಪು, ಒಂದು ಸುತ್ತು, ನೂಲು, ನೋಡದೆಯೇ ಆಗ್ತದೆ. ನಮ್ಮ ಮನೆಯ ಹಂಚು, ಬಾವಿಯ ಕಟ್ಟೆ, ನನ್ನ ಕಾಲೇಜು ಫೀಸು, ಎಲ್ಲದರಲ್ಲೂ ಆ ಬೀಡಿಯ ಪಾಲು ಉಂಟು. ಮನೆ ಅಪ್ಪನ ಹೆಸರಲ್ಲಿ. ಕಥೆ ಪೂರ್ತಿ ಕೇಳಿ ಅಮ್ಮ ಮೊದಲು ಕೇಳಿದ್ದು, "ಒಲೆ ಎಲ್ಲಿಟ್ಟಳು? ಹೊಗೆ ಹೋಗಬೇಡ್ವಾ?"

ಕುದುರೆಯ ಜೀನು ಇಡುವ ಕೋಣೆಯಲ್ಲಿ ಚಿಮಿಣಿ ಇತ್ತು, ಅದನ್ನೇ ಅಡುಗೆಮನೆ ಮಾಡಿದಳು ಅಂದೆ. ಅಮ್ಮ ತಲೆ ಆಡಿಸಿದಳು. ನಾಲ್ಕೈದು ಬೀಡಿ ಕಟ್ಟಿ ಆದ ಮೇಲೆ, ಒಳಗೆ ಪೇಪರ್ ಓದುತ್ತಿದ್ದ ಅಪ್ಪನಿಗೆ ಕೇಳುವ ಹಾಗೆ ಗಟ್ಟಿಯಾಗಿ, "ಈ ಮನೆಯ ಕಾಗದಕ್ಕೆ ನನ್ನ ಹೆಸರು ಸೇರಿಸಲಿಕ್ಕೆ ಆಗ್ತದಾ?" ಅಂದಳು.

ಪೇಪರ್ ಮಡಚುವ ಸದ್ದು ಕೇಳಿತು. ಅಪ್ಪ ಬಾಗಿಲಿಗೆ ಬಂದು, "ನೀನು ಇಷ್ಟು ವರ್ಷ ಹೇಳಲೇ ಇಲ್ಲ ಅಲ್ಲ ಮಾರಾಯ್ತಿ" ಅಂದರು. ಆಮೇಲೆ ನನ್ನ ಕಡೆ ತಿರುಗಿ, ಯಾವ ಯಾವ ಕಾಗದ ಬೇಕು ಅಂತ ಕೇಳಿದರು. ಕಪಾಟಿನ ಮೇಲಿನ ತಗಡಿನ ಪೆಟ್ಟಿಗೆ ಇಳಿಸಿ ಮೂವರೂ ಕೂತು ಹುಡುಕಿದೆವು, ಮನೆ ತೆರಿಗೆ ರಶೀದಿ ಹನ್ನೊಂದು ಸಿಕ್ಕಿತು. ಈ ಸೋಮವಾರ ರಜೆ ಹಾಕಿ ಮೊದಲು ಪಂಚಾಯತಿಗೆ, ಅಲ್ಲಿಂದ ಸಬ್‌ರಿಜಿಸ್ಟ್ರಾರ್ ಆಫೀಸಿಗೆ ಹೋಗಿ ವಿಚಾರಿಸಬೇಕು.